ತಾತನ ಕತ್ತು

ನಗುವುದಿದ್ದರೆ ಮೊದಲೇ ನಕ್ಕುಬಿಡಿ, ಇದು ಬೊಗಳೆಯಲ್ಲ, ನಡೆದದ್ದು.

ತಾತ ಮದುವೆ ದಲ್ಲಾಳಿ. ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಕತ್ತು ವಾರೆ ಮಾಡಿಕೊಂಡು, "ಹಲೋ, ಹುಡುಗ ಚಿನ್ನ ಕಣ್ರೀ" ಎನ್ನುತ್ತಲೇ ಊರಿನ ಅರ್ಧ ಸಂಬಂಧ ಕುದುರಿಸಿದವರು. ಒಂದು ಬೆಳಿಗ್ಗೆ ನಾಲ್ಕು ವರ್ಷದ ಮೊಮ್ಮಗಳೂ ಹಾಗೇ ಕತ್ತು ವಾರೆ ಮಾಡಿಕೊಂಡು ಬಂದಳು.

"ಅಯ್ಯೋ, ಥೇಟ್ ತಾತನೇ! ಎಲ್ಲಿ, ಹಲೋ ಅನ್ನು ಪುಟ್ಟಿ!" ಎಂದ ಚಿಕ್ಕಪ್ಪ.

"ಹಲೋ, ಹುಡುಗ ಚಿನ್ನ ಕಣ್ರೀ!"

ಮನೆಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ತಾತ.

ವಾರವಾದರೂ ಪುಟ್ಟಿಯ ಕತ್ತು ನೆಟ್ಟಗಾಗಲಿಲ್ಲ. ಉಳುಕಿರಬೇಕೆಂದು ಅಜ್ಜಿ ಅವಳ ದಿಂಬನ್ನು ಬಿಸಿಲಿಗೆ ಹಾಕಿದರು.

"ಎದ್ದ ತಕ್ಷಣ ವಾಂತಿ ಬೇರೆ ಮಾಡ್ತಾಳೆ ಮಾವ, ನನಗ್ಯಾಕೋ ಭಯ," ಎಂದಳು ಪುಟ್ಟಿಯ ಅಮ್ಮ.

"ಹಲಸಿನ ಹಣ್ಣು ತಿಂದದ್ದಮ್ಮ ಅದು. ಅಣಕಿಸಿಕೊಂಡವನು ನಾನು, ಭಯ ನಿನಗ್ಯಾಕೆ?"

ಆದರೂ ಅವಳು ಹಟ ಹಿಡಿದು ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ತಮಾಷೆ ನೋಡಲು ತಾತನೂ ಹೊರಟರು.

"ಕತ್ತು ನೆಟ್ಟಗಿಟ್ಟು ತಾತನ್ನ ನೋಡು ಪುಟ್ಟಿ," ಎಂದರು ಡಾಕ್ಟರಮ್ಮ.

"ಬೇಡ. ಆಗ ಇಬ್ಬಿಬ್ರು ತಾತ ಕಾಣ್ತಾರೆ."

ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಮಗುವಿನ ಕಣ್ಣು ಪರೀಕ್ಷಿಸಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಚೀಟಿ ಬರೆಯುತ್ತಲೇ ಕತ್ತು ವಾರೆ ಮಾಡಿದರು.

"ನೋಡಿದ್ಯೇನಮ್ಮ, ಡಾಕ್ಟ್ರೂ ನನ್ನನ್ನೇ ಅಣಕಿಸ್ತಿದಾರೆ!" ತಾತನ ನಗು ಕೋಣೆ ತುಂಬಿತು.

"ಹಲೋ, ನಾಲ್ಕು ವರ್ಷದ ಮಗು. ತಲೆ ಸ್ಕ್ಯಾನ್ ಇವತ್ತೇ ಆಗಬೇಕು, ಈಗಲೇ ಕಳಿಸ್ತಿದೀನಿ."