ಮೋಹಿನಿಯ ಫಸ್ಟ್ ಕ್ಲಾಸ್

ಲೋಕದಲ್ಲಿ ಇಂಧನವೇ ಮುಗಿದು ವಿಮಾನಗಳೆಲ್ಲ ನಿಂತಲ್ಲೇ ನಿಂತುಹೋದ ಮೇಲೆ, ಸಾಯುವವರನ್ನು ಅವುಗಳಲ್ಲಿ ಕೂರಿಸಿ ಕೊನೆಯ ಸಲ ಹಾರಿಸಿದಂತೆ ಮಾಡುವುದು ಊರಲ್ಲಿ ವಾಡಿಕೆಯಾಗಿತ್ತು. ದಿವಾಕರ ಹೆಂಡತಿಗೆ ಫಸ್ಟ್ ಕ್ಲಾಸೇ ಹಿಡಿದಿದ್ದ. ಮೋಹಿನಿ ಒಂದು ಕಾಲದ ಗಗನಸಖಿ. ಈಗ ಅವಳಿಗೆ ಬೆಳಿಗ್ಗೆ ತಿಂಡಿ ತಿಂದದ್ದೂ ನೆನಪಿರುವುದಿಲ್ಲ.

ಅವಳ ಹಳೆಯ ಯೂನಿಫಾರಂ ಸೀರೆಯನ್ನೇ ಉಡಿಸಿ, ಕಿಟಕಿಗಳನ್ನೆಲ್ಲ ಮುಚ್ಚಿ, ಸ್ಪೀಕರಿನಲ್ಲಿ ಎಂಜಿನ್ನಿನ ಸದ್ದು ಹಾಕಿ, ದಿವಾಕರ ಹಿಂದೆ ನಿಂತು ಸೀಟು ಅಲ್ಲಾಡಿಸುತ್ತಿದ್ದ. ತೋಳು ಸೋತಿತ್ತು. ನಿಲ್ಲಿಸಿದರೆ ಅವಳನ್ನು ಮತ್ತೆ ಆಸ್ಪತ್ರೆಯ ಮಂಚಕ್ಕೆ ಒಯ್ಯಬೇಕು.

"ರೀ, ಕಿವಿ ಗುಂಯ್ ಅಂತಿದೆ, ಇಳೀತಿದೀವಿ," ಎಂದಳು ಮೋಹಿನಿ. "ಇಳಿಯುವಾಗ ಕಿಟಕಿ ತೆಗೆದಿರಬೇಕು."

"ಬೇಡ ಕಣೇ, ಬಿಸಿಲು. ಪೆಪ್ಪರ್‌ಮಿಂಟ್ ಚೀಪು."

"ರೂಲ್ಸು ಅಂದ್ರೆ ರೂಲ್ಸು!" ಎಂದು ಗದರಿ ಅವಳೇ ಕಿಟಕಿಯ ಮುಚ್ಚಳ ಎತ್ತಿದಳು.

ಹೊರಗೆ ರನ್‌ವೇ ತುಂಬ ಆಳೆತ್ತರದ ಹುಲ್ಲು. ರೆಕ್ಕೆಯ ನೆರಳಲ್ಲಿ ಎಮ್ಮೆಗಳು ಮಲಗಿ ಮೆಲುಕು ಹಾಕುತ್ತಿದ್ದವು. ದಿವಾಕರನ ಕೈ ನಿಂತುಹೋಯಿತು. ಸೀಟೂ ನಿಂತಿತು.

ಮೋಹಿನಿ ಬಹಳ ಹೊತ್ತು ನೋಡಿದಳು. ಆಮೇಲೆ ಮುಚ್ಚಳವನ್ನು ಮೆಲ್ಲಗೆ ಕೆಳಗೆಳೆದು, ಬೆಲ್ಟು ಬಿಗಿ ಮಾಡಿಕೊಂಡಳು.

"ರನ್‌ವೇ ಖಾಲಿಯಿಲ್ಲ ರೀ," ಎಂದಳು. "ಇನ್ನೊಂದು ಸುತ್ತು ಹೊಡೆಯೋಣ. ನಿಮ್ಮ ಕೈ ನೋಯ್ತಿಲ್ಲ ತಾನೆ?"