ಎಡಗೈಯ ತುತ್ತು

ಅಜ್ಜಿ ವನಜಮ್ಮನ ಏಟು ಮನ್ವಿತಾಳ ಎಡಗೈ ಮೇಲೆ ಬಿದ್ದ ಸದ್ದಿಗೆ ಕುಶಾಲನಗರದ ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು. ನಾಲ್ಕು ವರ್ಷದ ಹುಡುಗಿಯ ಬೆರಳಲ್ಲಿದ್ದ ಅನ್ನ ಎಲೆಯಾಚೆ ಚೆಲ್ಲಿತು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿದ್ದರಿಂದ ಅವಳ ಬಲಗೈ ಎಂದಿನಂತೆ ಮುಷ್ಟಿ ಬಿಗಿದು ಮಡಿಲಲ್ಲಿತ್ತು.

“ಬಲಗೈಲಿ ತಿನ್ನು! ಸ್ಕ್ಯಾನಲ್ಲಿ ಸಣ್ಣ ಕಲೆ ಅಷ್ಟೇ, ಬೆಳೀತಾ ಸರಿಹೋಗುತ್ತೆ ಅಂತ ಡಾಕ್ಟ್ರೇ ಅಂದವ್ರೆ. ಇವಳಮ್ಮ ಮುದ್ದು ಮಾಡಿ ಕೆಡಿಸವ್ಳೆ,” ಎಂದು ವನಜಮ್ಮ ಪಕ್ಕದವರಿಗೆ ಕೇಳುವಂತೆ ಅಂದರು.

ದಿನವೂ ಆ ಬಲಗೈ ಬೆರಳುಗಳನ್ನು ನೀವಿ ಬಿಡಿಸುತ್ತಿದ್ದವಳು, ಮಗುವನ್ನೆತ್ತಿಕೊಂಡು ಮಡಿಕೇರಿಗೆ ಫಿಸಿಯೋಥೆರಪಿಗೆ ಅಲೆದವಳು ತಾಯಿ ದಿವ್ಯಶ್ರೀ. ಅತ್ತೆಯ ಈ ಮಾತನ್ನು ಮನೆಯಲ್ಲಿ ಎಷ್ಟೋ ಸಲ ನುಂಗಿಕೊಂಡಿದ್ದಳು. ಇವತ್ತು ಆಗಲಿಲ್ಲ.

“ಹಸುಗೂಸಿನ ಸ್ಕ್ಯಾನ್ ನೋಡಿ ಅಂದಿದ್ದನ್ನ ಇನ್ನೂ ಹಿಡ್ಕೊಂಡಿದೀರಲ್ಲ ಅತ್ತೆ! ಪಕ್ಕದಲ್ಲೇ ಕೂತಿರೋ ಮಗೀನ ಒಂದ್ಸಲ ನೋಡಿ. ಬೇಕೂಂತ ಮಾಡ್ತಾ ಇದಾಳಾ ಅವಳು?”

ದಿವ್ಯಶ್ರೀ ತನ್ನ ಬಲಗೈಯನ್ನು ಎಲೆಯಿಂದ ತೆಗೆದಳು. ಎಡಗೈಯಿಂದಲೇ ಅನ್ನ ಕಲಸಿ ಬಾಯಿಗಿಟ್ಟಳು. ಸಾರು ಮೊಣಕೈವರೆಗೆ ಇಳಿಯಿತು.

ಬಡಿಸುತ್ತಿದ್ದ ಗಂಡ ಮಹೇಶ್ ಓಡಿಬಂದು, “ಏನೇ ಇದು, ಜನ ನೋಡ್ತಾವ್ರೆ,” ಎಂದು ಪಿಸುಗುಟ್ಟಿದ.

“ನೋಡ್ಲಿ.” ಇನ್ನೊಂದು ತುತ್ತು ತಿಂದು, ಅದೇ ಎಡಗೈಯನ್ನು ಅತ್ತೆಯ ಮುಂದೆ ಚಾಚಿದಳು. “ಹೊಡೀರಿ. ನನ್ನ ಕೈಗೂ ಹೊಡೀರಿ.”

ವನಜಮ್ಮ ಸುತ್ತಲೂ ನೋಡಿ ತಲೆ ತಗ್ಗಿಸಿದರು. ಮನ್ವಿತಾ ಬಿಕ್ಕಳಿಸುತ್ತಲೇ ಅಮ್ಮನ ಮುಖ ನೋಡಿ, ಎಡಗೈಯನ್ನು ಮತ್ತೆ ಅನ್ನಕ್ಕೆ ಹಾಕಿದಳು.