ಎಡದಿಂದ ಬಲಕ್ಕೆ

ಸಂತ ನಿಕೊಲಾನ ಪಟದ ಚೌಕಟ್ಟಿಗೆಂದು ಅಪ್ಪ ವುಕಾದಿನ್ ಹಲಗೆಯನ್ನು ಮಿಷಿನ್ನಿನ ಅಲಗಿಗೆ ಎಡಗಡೆಯಿಂದ ನೂಕುತ್ತಿದ್ದ. ಕಾಫಿ ತಂದ ಸ್ತಮೆನಾ ಬಾಗಿಲಲ್ಲೇ ಕಲ್ಲಾಗಿ ನಿಂತಳು. ಆಯುಷ್ಯವಿಡೀ ರೂಟರ್ ಮಿಷಿನ್ನನ್ನು ಕೈಯಲ್ಲೇ ಹಿಡಿದು ಮರದಂಚು ಕೊರೆದವನು ವುಕಾದಿನ್. ಆಗ ಮಿಷಿನ್ನು ಎಡದಿಂದ ಬಲಕ್ಕೇ ಸಾಗಬೇಕು. ವಯಸ್ಸಾದ ಅಪ್ಪನ ಕೈ ನಡುಗುತ್ತದೆಂದು ಅವಳೇ ಅದನ್ನು ತಲೆಕೆಳಗು ಮಾಡಿ, ಅಲಗು ಮಾತ್ರ ಮೇಲೆ ಚಾಚುವಂತೆ ಮೇಜಿನ ಕೆಳಗೆ ಕೂರಿಸಿದ್ದಳು. ಈಗ ಹಲಗೆ ಬಲದಿಂದ ಬರಬೇಕು. ಎಡದಿಂದ ಕೊಟ್ಟರೆ ಅಲಗು ಹಲಗೆಯನ್ನು ಕಸಿದುಕೊಳ್ಳುತ್ತದೆ, ಹಿಂದೆಯೇ ಬೆರಳನ್ನೂ. ಬೆಳಿಗ್ಗೆ ರಾಕಿಯಾ ಸಾರಾಯಿಯಲ್ಲಿ ಅಂಟು ತೊಳೆದ ಅಲಗು ಬೇರೆ, ಫಳಫಳ ಹೊಳೆಯುತ್ತಿತ್ತು.

ನಿನ್ನೆಯೇ ಹೇಳಿದ್ದಳು. "ಮರದಪುಡಿ ತಿಂದು ಬೆಳೆದೋನಿಗೆ ನೀನು ಎಡ ಬಲ ಕಲಿಸ್ತೀಯೇನೇ?" ಎಂದು ನಕ್ಕಿದ್ದ.

ಈಗ ಕೂಗುವಂತೆಯೂ ಇಲ್ಲ. ಮಿಷಿನ್ ಓಡುವಾಗ ಯಾರೂ ಕರೆಯಬಾರದೆಂಬುದು ಅವನದೇ ಕಟ್ಟಪ್ಪಣೆ: "ನೀವು ಕರೆದ್ರೆ ನಾನು ತಿರುಗ್ತೀನಿ, ತಿರುಗಿದ್ರೆ ಕೈ ಹೋಯ್ತು." ಸ್ವಿಚ್ಚು ಅವನ ಮೊಣಕಾಲ ಬಳಿ ಇತ್ತು, ಅವನನ್ನು ತಾಕದೆ ಅದಕ್ಕೆ ಕೈ ಹಾಕುವಂತಿರಲಿಲ್ಲ. ಅವಳು ಕಾಫಿ ಕೆಳಗಿಟ್ಟು, ಬಾಯಿಗೆ ಮುಷ್ಟಿ ತುರುಕಿಕೊಂಡು ನೋಡುತ್ತ ನಿಂತಳು.

ಹಲಗೆ ಒಮ್ಮೆ ಅದುರಿತು. ಮರುಕ್ಷಣ ಅವನ ಕೈಯಿಂದ ಹಾರಿ ಗೋಡೆಗೆ ಬಡಿಯಿತು. ವುಕಾದಿನ್ ಮಿಷಿನ್ ಆರಿಸಿ, ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿಕೊಂಡ. ಒಂದು ಗೀರೂ ಇರಲಿಲ್ಲ. ಪೆಚ್ಚುನಗೆ ನಗುತ್ತ ಬಾಗಿಲ ಕಡೆ ತಿರುಗಿದ.

"ಅಯ್ಯೋ ಮಗಳೇ, ನಿನ್ನ ಕೈಲಿ ಯಾಕೇ ರಕ್ತ?"

ಕಚ್ಚಿದ ಹಲ್ಲು ಬಿಡಿಸಿಕೊಳ್ಳಲು ಅವಳಿಗೆ ಇನ್ನೂ ಆಗುತ್ತಿರಲಿಲ್ಲ.